ಸುಣ್ಣ ಕಟ್ಟಿದ ಬಾಯ್ಲರ್: ಐದು ಇಂಚು ಗೇಜಿನ ಉಗಿ ಎಂಜಿನ್ನೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ದಕ್ಷಿಣ ಇಂಗ್ಲೆಂಡಿನ ಮಾದರಿ ರೈಲು ಕ್ಲಬ್ಬೊಂದರಲ್ಲಿ ಓಡುವ ಒಂದು ಉಗಿ ಎಂಜಿನ್ನಿಗೆ ಸಂಬಂಧಿಸಿದ್ದು. ಎಂಜಿನ್ ಮಾರ್ಟಿನ್ ಇವಾನ್ಸ್ ಅವರ 'ಸಿಂಪ್ಲೆಕ್ಸ್' ವಿನ್ಯಾಸದ್ದು: ಐದು ಇಂಚು, ಅಂದರೆ 127 ಮಿಲಿಮೀಟರ್ ಗೇಜ್ (ಹಳಿಗಳ ನಡುವಿನ ಅಂತರ), ಆರು ಚಕ್ರ, ಎರಡೂ ಪಕ್ಕಗಳಲ್ಲಿ ನೀರಿನ ಟ್ಯಾಂಕ್. ಕಲ್ಲಿದ್ದಲು ಉರಿಸಿ ನಾಲ್ಕು ಲೀಟರಿನಷ್ಟು ನೀರನ್ನು ಕುದಿಸಿ, ಹಿಂದಿನ ಟ್ರಾಲಿಗಳ ಮೇಲೆ ಕುಳಿತ ಮಕ್ಕಳು ಮತ್ತು ದೊಡ್ಡವರನ್ನು ಒಟ್ಟಿಗೆ ಎಳೆಯುವ ಶಕ್ತಿ ಇದಕ್ಕಿದೆ. ಬಾಯ್ಲರ್ ಪೂರ್ತಿ ತಾಮ್ರದ್ದು. ತಗಡುಗಳ ಕೂಡುಗಳಿಗೆ ಬೆಳ್ಳಿ ಬೆಸುಗೆ ಹಾಕಿದೆ. ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಒಳಗಿನ ಮತ್ತು ಹೊರಗಿನ ಗೋಡೆಗಳನ್ನು ಬಿಗಿದು ಹಿಡಿಯುವ ಸ್ಟೇಗಳು ಮಾತ್ರ ಮರೆ (ತಿರುಪಿನ ಗೆರೆ) ಇರುವ ಮೊಳೆಗಳಾಗಿದ್ದು, ಅವುಗಳ ತಲೆಯ ಸುತ್ತ ಸೀಸ ಪ್ರಧಾನವಾದ ಮೆದು ಬೆಸುಗೆ ತುಂಬಿದೆ. ದಶಕಗಳ ಹಿಂದೆ ಮನೆಯ ಕಾರ್ಯಾಗಾರದಲ್ಲಿ ಬಾಯ್ಲರ್ ಕಟ್ಟಿದವರಲ್ಲಿ ಅನೇಕರು ಅನುಸರಿಸಿದ ಕ್ರಮ ಇದು, ಮತ್ತು ಮುಂದೆ ನೋಡಲಿರುವಂತೆ ಈ ಪ್ರಕರಣದ ಕೊನೆಯ ತೊಡಕಿಗೆ ಮೂಲವೂ ಇದೇ. ಕೆಲಸದ ಒತ್ತಡ 80 ಪಿಎಸ್‌ಐ, ಅಂದರೆ ಚದರ ಇಂಚಿಗೆ 80 ಪೌಂಡ್. ಆ ಒತ್ತಡದಲ್ಲಿ ಒಳಗಿನ ನೀರಿನ ಉಷ್ಣತೆ ಸುಮಾರು 162 ಡಿಗ್ರಿ ಸೆಲ್ಸಿಯಸ್.

ಈಗಿನ ಮಾಲೀಕರು ಎಂಜಿನ್ನನ್ನು ನಾಲ್ಕು ವರ್ಷಗಳ ಹಿಂದೆ ಎರಡನೇ ಕೈಯಿಂದ ಕೊಂಡವರು. ಮೊದಲ ವರ್ಷ ಅರ್ಧ ಗಂಟೆಯೊಳಗೆ ಉಗಿ ಏರುತ್ತಿದ್ದ ಎಂಜಿನ್, ಮುಕ್ಕಾಲು ಗಂಟೆ ಕಳೆದರೂ ಹಳಿಗೆ ಇಳಿಯಲು ಸಿದ್ಧವಾಗದ ಸ್ಥಿತಿಗೆ ಬಂದಿತ್ತು. ಏರು ಹಳಿಯಲ್ಲಿ, ಉಗಿಯ ಬಲದಿಂದ ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ತೆರೆದರೆ ಒತ್ತಡ ಕುಸಿದು ಹೋಗುತ್ತಿತ್ತು, ಕೆಲವೊಮ್ಮೆ ಇಂಜೆಕ್ಟರ್ ನೀರನ್ನು ಹಿಡಿಯದೆ ಹೊರಕ್ಕೇ ಚೆಲ್ಲುತ್ತಿತ್ತು. ಚಿಮಣಿಯಿಂದ ಬಿಳಿಚಿದ ನೀರು ಸಿಡಿದು ಬಾಯ್ಲರಿನ ಮೇಲ್ಮೈಯಲ್ಲಿ ಸುಣ್ಣದ ಚುಕ್ಕೆಗಳು ಉಳಿಯುತ್ತಿದ್ದವು. ಮಾಲೀಕರು ಮೊದಲು ಸಂಶಯಪಟ್ಟದ್ದು ಕಲ್ಲಿದ್ದಲನ್ನು, ಮತ್ತು ಆ ಸಂಶಯಕ್ಕೆ ಆಧಾರವೂ ಇತ್ತು. ವೇಲ್ಸಿನ ಫೋಸ್-ಇ-ಫ್ರಾನ್ ಗಣಿ 2023ರ ನವೆಂಬರಿನಲ್ಲಿ ಮುಚ್ಚಿದ ಮೇಲೆ ಇಲ್ಲಿನ ಉಗಿ ಎಂಜಿನ್ನಿನವರೆಲ್ಲ ಬೇರೆ ಬೇರೆ ಮೂಲದ ಇಂಧನಕ್ಕೆ ಹೊಂದಿಕೊಳ್ಳಬೇಕಾಗಿ ಬಂದಿದೆ. ಆದರೆ ಕಲ್ಲಿದ್ದಲು ಬದಲಾಯಿಸಿದರೂ ಲಕ್ಷಣಗಳು ಬದಲಾಗಲಿಲ್ಲ. ನೀರಿನ ಗೇಜಿನ ಗಾಜಿನಲ್ಲಿ ನೀರು ಅಲುಗಾಡದೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ ಎಂದು ಅವರು ಮಾತಿನ ನಡುವೆ ಹೇಳಿದಾಗ, ಬಾಯ್ಲರ್ ನಿರ್ವಹಣೆಯ ಹೊಣೆ ಹೊತ್ತಿದ್ದ ನಮಗೆ ಉಳಿದ ಎಲ್ಲ ದೂರುಗಳಿಗಿಂತ ಅದೇ ಹೆಚ್ಚು ಕಳವಳ ತಂದಿತು. ಓಡುವ ಎಂಜಿನ್ನಿನ ಗಾಜಿನಲ್ಲಿ ನೀರು ಸದಾ ತುಯ್ಯುತ್ತಿರಬೇಕು. ನಿಶ್ಚಲವಾಗಿ ನಿಂತ ನೀರು ಬಾಯ್ಲರಿನ ನಿಜವಾದ ಮಟ್ಟವನ್ನು ತೋರಿಸುತ್ತಿದೆ ಎಂದು ನಂಬುವಂತಿಲ್ಲ. ಎಂಜಿನ್ನನ್ನು ಅಂದೇ ಓಟದಿಂದ ಹಿಂತೆಗೆಯಲಾಯಿತು.

ಒಳಗೆ ಕಂಡದ್ದು

ಪರಿಶೀಲನೆ ಆರಂಭವಾದದ್ದು ಬೆಂಕಿಯ ಕಡೆಯಿಂದ. ಚಿಮಣಿಯ ಕೆಳಗಿನ ಹೊಗೆ ಪೆಟ್ಟಿಗೆಯಾದ ಸ್ಮೋಕ್‌ಬಾಕ್ಸಿನ ತಳದಲ್ಲಿ ಬೂದಿ ಗಟ್ಟಿಯಾಗಿ ಕೂತಿತ್ತು. ಬೆಂಕಿಯ ಬಿಸಿ ಅನಿಲವನ್ನು ನೀರಿನ ನಡುವೆ ಹಾಯಿಸುವ ಫೈರ್‌ಟ್ಯೂಬುಗಳಲ್ಲಿ ಕೆಳಸಾಲಿನ ಮೂರು ಅರ್ಧಕ್ಕರ್ಧ ಮುಚ್ಚಿದ್ದವು. ಉಗಿ ಪೈಪು ಸ್ಮೋಕ್‌ಬಾಕ್ಸಿನ ಗೋಡೆಯನ್ನು ದಾಟುವ ಜಾಗದಲ್ಲಿ ಸೀಲು ಬಿರುಕು ಬಿಟ್ಟು, ಗಾಳಿ ಅಲ್ಲಿಂದಲೇ ಒಳನುಗ್ಗುತ್ತಿತ್ತು. ಸ್ಮೋಕ್‌ಬಾಕ್ಸಿನ ಒಳಗೆ ಉಂಟಾಗುವ ನಿರ್ವಾತವೇ ಬೆಂಕಿಯ ಮೂಲಕ ಗಾಳಿಯನ್ನು ಎಳೆಯುವುದರಿಂದ, ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ಬೆರಳುಗುರಿನಷ್ಟು ಸಂದಿಯೂ ಬೆಂಕಿಯನ್ನು ಮಂಕು ಮಾಡಲು ಸಾಕು. ಟ್ಯೂಬುಗಳ ವ್ಯಾಸಕ್ಕೆ ಸರಿಹೊಂದುವ ನೈಲಾನ್ ಬ್ರಷ್‌ನಿಂದ ಮಸಿಯನ್ನೆಲ್ಲ ಉಜ್ಜಿ ತೆಗೆದು, ಬೂದಿಯನ್ನು ಒಣಗಿದ ಸ್ಥಿತಿಯಲ್ಲೇ ಹೀರುಯಂತ್ರದಿಂದ ಹೊರಹಾಕಿ, ಸೀಲನ್ನು ಹೊಸದಾಗಿ ತುಂಬಿದೆವು. ಬೂದಿಯನ್ನು ಒದ್ದೆ ಮಾಡಬಾರದು. ಕಲ್ಲಿದ್ದಲಿನ ಗಂಧಕದ ಅಂಶ ತೇವದೊಂದಿಗೆ ಸೇರಿ ಆಮ್ಲವಾಗಿ ಸ್ಮೋಕ್‌ಬಾಕ್ಸಿನ ಉಕ್ಕಿನ ತಗಡನ್ನು ತಿನ್ನುತ್ತದೆ; ಚಳಿಗಾಲದಲ್ಲಿ ಬೂದಿ ತೆಗೆಯದೆ ಶೆಡ್ಡಿನಲ್ಲಿ ಬಿಟ್ಟ ಎಂಜಿನ್ನುಗಳ ಸ್ಮೋಕ್‌ಬಾಕ್ಸ್ ತಳ ತೂತು ಬೀಳುವುದಕ್ಕೆ ಕಾರಣ ಬಹುಪಾಲು ಇದೇ.

ನೀರಿನ ಕಡೆಯನ್ನು ನೋಡಲು ಬಾಯ್ಲರಿನ ನೆತ್ತಿಯ ಗುಮ್ಮಟವಾದ ಡೋಮಿನ ಮುಚ್ಚಳ ಮತ್ತು ಫೈರ್‌ಬಾಕ್ಸಿನ ಕೆಳಮೂಲೆಗಳಲ್ಲಿದ್ದ ತೊಳೆಯುವ ಬಿರಡೆಗಳನ್ನು ಬಿಚ್ಚಿ, ಫೋನಿಗೆ ಜೋಡಿಸುವ ಸಪೂರ ಎಂಡೋಸ್ಕೋಪ್ ಕ್ಯಾಮೆರಾವನ್ನು ಒಳಗೆ ಇಳಿಸಿದೆವು. ಗಡಸು ನೀರಿನ ಊರಿನಲ್ಲಿ ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಕ್ಕಳೆಯನ್ನು ಕಂಡವರಿಗೆ ಆ ದೃಶ್ಯ ಹೊಸದಲ್ಲ. ಟ್ಯೂಬುಗಳ ಮೇಲ್ಮೈಯಲ್ಲಿ ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ಪೊರೆ ಹರಡಿತ್ತು. ಬೆಂಕಿ ಅತಿ ಹೆಚ್ಚು ತಾಗುವ ಫೈರ್‌ಬಾಕ್ಸಿನ ಬದಿಯ, ಟ್ಯೂಬುಗಳ ತುದಿ ಕೂರುವ ಟ್ಯೂಬ್‌ತಗಡಿನ ಹತ್ತಿರ ಈ ಪೊರೆ ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿಕೊಂಡು, ನೀರು ಮೇಲೇರುವ ದಾರಿಯನ್ನೇ ಮುಚ್ಚಿತ್ತು. ಫೈರ್‌ಬಾಕ್ಸಿನ ಎರಡು ಗೋಡೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಬೂದುಬಣ್ಣದ ಕೆಸರು ಕೆಳಸಾಲಿನ ಸ್ಟೇಗಳವರೆಗೂ ತುಂಬಿತ್ತು. ಈ ಕೆಸರನ್ನು ಹೊರಹಾಕಬೇಕಾಗಿದ್ದ ಬ್ಲೋಡೌನ್ ವಾಲ್ವ್ ಸುಣ್ಣ ಕಚ್ಚಿಕೊಂಡು ತಿರುಗದಾಗಿತ್ತು. ಎಷ್ಟು ಕಾಲದಿಂದ ಅದು ಹಾಗಿತ್ತು ಎಂಬುದು ಮಾಲೀಕರ ನೆನಪಿನಲ್ಲಿರಲಿಲ್ಲ. ಗೇಜಿನ ಕೆಳದಾರಿಯಲ್ಲಿ ಸೂಜಿ ತೂರುವಷ್ಟು ತೂತು ಮಾತ್ರ ಉಳಿದಿತ್ತು.

ಇಷ್ಟು ಸುಣ್ಣ ಎಲ್ಲಿಂದ ಬಂತು ಎಂಬುದಕ್ಕೆ ಲೆಕ್ಕ ಸರಳವಾಗಿದೆ. ಈ ಭಾಗದ ನಲ್ಲಿ ನೀರು ಸೀಮೆಸುಣ್ಣದ ಬಂಡೆಗಳ ಮೂಲಕ ಇಳಿದು ಬರುವುದರಿಂದ ಅದರ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನ ಹತ್ತಿರ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾವಿಗೆ ಒಡೆದು ಕಾರ್ಬೊನೇಟಾಗಿ ಕೂರುತ್ತದೆ. ಉಗಿ ಹೊರಹೋದರೂ ಅದು ಒಳಗೇ ಉಳಿಯುತ್ತದೆ. ದಿನವಿಡೀ ಜನರನ್ನು ಎಳೆಯುವ ದಿನ ಈ ಎಂಜಿನ್ ಸುಮಾರು 25 ಲೀಟರ್ ನೀರನ್ನು ಉಗಿ ಮಾಡುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಏಳೂವರೆ ಗ್ರಾಂ, ವರ್ಷಕ್ಕೆ ಇಂತಹ ಹದಿನೈದು ದಿನಗಳಾದರೆ ನೂರಕ್ಕೂ ಮಿಕ್ಕಿ ಗ್ರಾಂ, ನಾಲ್ಕು ವರ್ಷಕ್ಕೆ 450 ಗ್ರಾಂ. ನಾಲ್ಕು ಲೀಟರಿನ ಪಾತ್ರೆಯಲ್ಲಿ ಅರ್ಧ ಕಿಲೋ ಸುಣ್ಣ!

ತಾಮ್ರದ ಉಷ್ಣವಾಹಕತೆ ಮೀಟರಿಗೆ ಪ್ರತಿ ಡಿಗ್ರಿಗೆ 390 ವಾಟ್‌ಗಳ ಆಸುಪಾಸು, ಸುಣ್ಣದ ಪೊರೆಯದು ಒಂದೆರಡು ವಾಟ್ ಅಷ್ಟೆ. ಒಂದು ಮಿಲಿಮೀಟರ್ ಪೊರೆ ಶಾಖಕ್ಕೆ ಒಡ್ಡುವ ತಡೆ ಇನ್ನೂರು ಮಿಲಿಮೀಟರಿಗೂ ದಪ್ಪವಾದ ತಾಮ್ರದ ತಡೆಗೆ ಸಮ. ಈ ಹೋಲಿಕೆಯನ್ನು ಮುಂದಿಟ್ಟು, ಉಗಿ ಕಡಿಮೆಯಾಗುವುದಕ್ಕೆ ಪೊರೆಯ ತಡೆಯೇ ಕಾರಣ ಎನ್ನುವುದುಂಟು. ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ. ಬಾಯ್ಲರಿನಲ್ಲಿ ಶಾಖಕ್ಕೆ ಅತಿ ದೊಡ್ಡ ತಡೆ ಇರುವುದು ಬಿಸಿ ಅನಿಲದಿಂದ ಲೋಹಕ್ಕೆ ದಾಟುವ ಹಂತದಲ್ಲಿ. ಅದರ ಮುಂದೆ ತೆಳುವಾದ ಪೊರೆಯ ತಡೆ ಚಿಕ್ಕದು. ಆದ್ದರಿಂದ ಈ ಎಂಜಿನ್ನಿನ ಉಗಿ ಕುಗ್ಗಿದ್ದಕ್ಕೆ ಮುಚ್ಚಿದ ಟ್ಯೂಬುಗಳು, ಸೋರುವ ಸ್ಮೋಕ್‌ಬಾಕ್ಸ್ ಮತ್ತು ಕಟ್ಟಿಹೋದ ನೀರಿನ ಹರಿವು ಹೆಚ್ಚಿನ ಕಾರಣ ಎಂದು ನಾವು ಎಣಿಸಿದೆವು. ಪೊರೆಯ ನಿಜವಾದ ಅಪಾಯ ಬೇರೆ ಕಡೆಗಿದೆ. ಉರಿ ನೇರವಾಗಿ ಬಡಿಯುವ ಫೈರ್‌ಬಾಕ್ಸಿನ ಗೋಡೆಯ ಹಿಂದೆ ನೀರಿನ ಬದಲು ಕೆಸರು ಕೂತರೆ ತಾಮ್ರದ ಉಷ್ಣತೆ ಏರುತ್ತದೆ, ಏರಿದ ತಾಮ್ರ ಮೆದುವಾಗುತ್ತದೆ, ಸುಮಾರು 300 ಡಿಗ್ರಿಗೆ ಕರಗುವ ಮೆದು ಬೆಸುಗೆ ಸ್ಟೇಗಳ ತಲೆಯಿಂದ ಜಾರುತ್ತದೆ. ಮುಚ್ಚಿಹೋದ ಗೇಜ್ ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಫೈರ್‌ಬಾಕ್ಸಿನ ಮೇಲ್ಛಾವಣಿ ಬರಿದಾಗಿದ್ದರೂ ಅದು ಅರ್ಧ ಗಾಜು ನೀರನ್ನು ತೋರಿಸುತ್ತಲೇ ಇರುತ್ತದೆ.

ಸುಣ್ಣವನ್ನು ಕರಗಿಸಿದ ಬಗೆ

ಬಿರಡೆಯ ತೂತಿನಿಂದ ಕೆದಕಿ ತೆಗೆದ ಒಂದು ಚೂರಿನ ಮೇಲೆ ಸಿಟ್ರಿಕ್ ಆಮ್ಲದ ಬೆಚ್ಚನೆಯ ದ್ರಾವಣ ಹನಿಸಿದಾಗ ಅದು ನೊರೆಯೆದ್ದು ಕರಗಿತು. ಪೊರೆ ಕಾರ್ಬೊನೇಟ್ ಎಂದು ಖಚಿತವಾಯಿತು. ಕ್ಯಾಲ್ಸಿಯಂ ಸಲ್ಫೇಟ್ ಆಗಿದ್ದರೆ ಈ ದಾರಿ ಫಲಿಸುತ್ತಿರಲಿಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ಎಂಬ ಸಲಹೆ ಬಂದಿತ್ತು, ಅದನ್ನು ನಾವು ಒಪ್ಪಲಿಲ್ಲ. ಅದು ಉಕ್ಕಿನ ಭಾಗಗಳನ್ನು ತಿನ್ನುತ್ತದೆ, ಹಿತ್ತಾಳೆಯಿಂದ ಸತುವನ್ನು ಎಳೆಯುತ್ತದೆ, ಸ್ಟೇಗಳ ಮರೆಯ ಸಂದಿಗಳಲ್ಲಿ ಉಳಿದ ಕ್ಲೋರೈಡ್ ತೊಳೆದರೂ ಹೋಗುವುದಿಲ್ಲ. ಯಾರೋ ಕಟ್ಟಿದ, ಒಳಗೆ ಯಾವ ಲೋಹಗಳಿವೆ ಎಂಬ ದಾಖಲೆಯೇ ಇಲ್ಲದ ಬಾಯ್ಲರಿನೊಳಕ್ಕೆ ಅಂತಹ ಆಮ್ಲ ಸುರಿಯುವುದನ್ನು ಯಾವ ಕಾರಣಕ್ಕೂ ಸಮರ್ಥಿಸಲಾಗದು. ಅಡುಗೆಗೆ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ನಿಧಾನ, ಆದರೆ ನಿಧಾನವಾಗಿರುವುದರಿಂದಲೇ ಅದನ್ನು ಬೇಕಾದಾಗ ನಿಲ್ಲಿಸಬಹುದು.

ನೂರು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಲು 128 ಗ್ರಾಂ ಸಿಟ್ರಿಕ್ ಆಮ್ಲ ಬೇಕು. 450 ಗ್ರಾಂ ಸುಣ್ಣಕ್ಕೆ ಸುಮಾರು 580 ಗ್ರಾಂ. ಲೀಟರಿಗೆ 50 ಗ್ರಾಂ ಪ್ರಮಾಣದ ದ್ರಾವಣವಾದರೆ ನಾಲ್ಕು ಲೀಟರಿನ ಒಂದು ಭರ್ತಿಯಲ್ಲಿ 200 ಗ್ರಾಂ ಇರುವುದರಿಂದ ಮೂರು ಭರ್ತಿಗಳು ಬೇಕಾಗುತ್ತವೆ ಎಂದು ಮೊದಲೇ ಗೊತ್ತಾಯಿತು. ಒಂದೇ ಸಲ ಗಾಢ ದ್ರಾವಣ ಹಾಕಿ ದಿನಗಟ್ಟಲೆ ಬಿಡುವುದಕ್ಕಿಂತ ತೆಳುವಾದ ದ್ರಾವಣವನ್ನು ಬದಲಾಯಿಸುತ್ತ ಹೋಗುವುದು ಉತ್ತಮ, ಏಕೆಂದರೆ ಸ್ಟೇಗಳ ಸುತ್ತಲಿನ ಸೀಸದ ಬೆಸುಗೆಯನ್ನೂ ಸಿಟ್ರಿಕ್ ಆಮ್ಲ ಮೆಲ್ಲನೆ ತಿನ್ನಬಲ್ಲದು.

ಸೇಫ್ಟಿ ವಾಲ್ವುಗಳು, ಒತ್ತಡದ ಗೇಜ್, ನೀರಿನ ಗೇಜ್, ಒಳಹೋದ ನೀರು ಹಿಂದಿರುಗದಂತೆ ತಡೆಯುವ ಕ್ಲ್ಯಾಕ್ ವಾಲ್ವುಗಳು, ಇಂಜೆಕ್ಟರ್ ಇವೆಲ್ಲವನ್ನೂ ಬಿಚ್ಚಿ, ತಳದ ತೂತುಗಳಿಗೆ ಮಾತ್ರ ಬಿರಡೆ ಬಿಗಿದು, ಡೋಮಿನ ಬಾಯನ್ನು ತೆರೆದೇ ಬಿಟ್ಟೆವು. ಇದು ಅಲಕ್ಷಿಸಬಾರದ ಮಾತು. ನೂರು ಗ್ರಾಂ ಸುಣ್ಣ ಕರಗುವಾಗ ಸುಮಾರು 24 ಲೀಟರ್ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಆಮ್ಲ ತುಂಬಿ ಎಲ್ಲ ಬಾಯಿ ಮುಚ್ಚಿದ ಬಾಯ್ಲರ್ ತಣ್ಣಗಿದ್ದರೂ ಒತ್ತಡದ ಪಾತ್ರೆಯೇ ಆಗುತ್ತದೆ. ಕೆಲಸವನ್ನು ಶೆಡ್ಡಿನ ಹೊರಗೆ, ಕನ್ನಡಕ ಮತ್ತು ಕೈಗವಸು ಧರಿಸಿ ಮಾಡಲಾಯಿತು. ದ್ರಾವಣವನ್ನು ಬೇರೆ ಪಾತ್ರೆಯಲ್ಲಿ 50 ಡಿಗ್ರಿಯವರೆಗೆ ಬೆಚ್ಚಗೆ ಮಾಡಿ ಸ್ವಲ್ಪ ಸ್ವಲ್ಪವೇ ಸುರಿದೆವು, ಏಕೆಂದರೆ ಒಮ್ಮೆಲೆ ಸುರಿದರೆ ನೊರೆ ಡೋಮಿನಿಂದ ಉಕ್ಕಿ ಬರುತ್ತದೆ. ಕುದಿಯುವಷ್ಟು ಬಿಸಿ ಮಾಡುವುದರಿಂದ ಲಾಭವಿಲ್ಲ. ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಅಷ್ಟಾಗಿ ಕರಗದ ಲವಣ, ಕಾವು ಏರಿದಂತೆ ಇನ್ನೂ ಕಡಿಮೆ ಕರಗುತ್ತದೆ. ಅತಿಯಾಗಿ ಬಿಸಿ ಮಾಡಿದರೆ ಒಂದು ಬಿಳಿ ಹೋಗಿ ಇನ್ನೊಂದು ಬಿಳಿ ಒಳಗೆ ಕೂರುತ್ತದೆ. ಬಾಯ್ಲರಿನಲ್ಲಿ ಆಮ್ಲವಿರುವಾಗ ಕೆಳಗೆ ಬೆಂಕಿ ಹಾಕುವ ಮಾತಂತೂ ಇಲ್ಲವೇ ಇಲ್ಲ.

ಮೊದಲ ಭರ್ತಿ ಗಂಟೆಯೊಳಗೆ ಸುಸ್ತಾಯಿತು. ಪಿಎಚ್ ಕಾಗದದಲ್ಲಿ 2ರ ಹತ್ತಿರವಿದ್ದ ದ್ರಾವಣ 4ನ್ನು ದಾಟಿತ್ತು, ನೊರೆ ನಿಂತಿತ್ತು. ಅದನ್ನು ಹೊರಬಿಟ್ಟು, ಬಾಗಿಸಿದ ಸಪೂರ ತಾಮ್ರದ ಕೊಳವೆಯನ್ನು ನೀರಿನ ಪೈಪಿಗೆ ಸಿಕ್ಕಿಸಿ, ಪ್ರತಿಯೊಂದು ಬಿರಡೆಯ ತೂತಿನಿಂದಲೂ ಫೈರ್‌ಬಾಕ್ಸಿನ ಗೋಡೆಗಳ ನಡುವೆ ರಭಸವಾಗಿ ತಣ್ಣೀರು ಹಾಯಿಸಿದೆವು. ಜರಡಿಯಲ್ಲಿ ಸಿಕ್ಕಿದ್ದು ಮೊಟ್ಟೆಯ ಚಿಪ್ಪಿನಷ್ಟು ತೆಳುವಾದ, ಒಂದು ಮೈ ಟ್ಯೂಬಿನ ದುಂಡಗಿನ ಆಕಾರವನ್ನೇ ಉಳಿಸಿಕೊಂಡಿದ್ದ ಚಕ್ಕೆಗಳು. ಆಮ್ಲ ಪೂರ್ತಿ ಕರಗಿಸಿದ್ದಕ್ಕಿಂತ ಬುಡ ಸಡಿಲಿಸಿ ನೀರಿಗೆ ಒಪ್ಪಿಸಿದ್ದೇ ಹೆಚ್ಚು ಎಂಬುದು ಅವುಗಳಿಂದ ತಿಳಿಯಿತು. ಹೀಗಾಗಿ ಈ ಕೆಲಸದಲ್ಲಿ ಆಮ್ಲದಷ್ಟೇ ಮುಖ್ಯವಾದದ್ದು ತೊಳೆಯುವ ತಾಳ್ಮೆ ಎಂದು ನಾನು ನಂಬುತ್ತೇನೆ. ಎರಡನೆಯ ಭರ್ತಿಯ ನಂತರ ಟ್ಯೂಬುಗಳ ನಡುವಿನ ಸೇತುವೆಗಳು ಬಿದ್ದುಹೋದವು. ಮೂರನೆಯ ಭರ್ತಿಯ ದ್ರಾವಣ ಹಸಿರುನೀಲಿಗೆ ತಿರುಗತೊಡಗಿತು, ಅಂದರೆ ಆಮ್ಲಕ್ಕೆ ಸುಣ್ಣ ಸಾಲದೆ ತಾಮ್ರದ ಮೇಲಿನ ಆಕ್ಸೈಡಿಗೆ ಕೈಹಾಕಿತ್ತು. ಅಲ್ಲಿಗೇ ನಿಲ್ಲಿಸಿದೆವು. ಬಳಿಕ ಲೀಟರಿಗೆ ಹತ್ತು ಗ್ರಾಂ ಅಡುಗೆ ಸೋಡಾ ಬೆರೆಸಿದ ನೀರನ್ನು, ಆಗಲೂ ಡೋಮ್ ತೆರೆದಿಟ್ಟು, ತುಂಬಿ ಉಳಿದ ಆಮ್ಲವನ್ನು ತಟಸ್ಥಗೊಳಿಸಿ, ಸೋಡಾದ ಅಂಶವೂ ಉಳಿಯದಂತೆ ಮತ್ತೆ ಮತ್ತೆ ತೊಳೆಯಲಾಯಿತು. ಸೋಡಾ ಉಳಿದರೆ ಉಗಿಯಲ್ಲಿ ನೊರೆ ಏಳುತ್ತದೆ. ತಾಮ್ರ ಬೆರೆತ ದ್ರಾವಣ ಮೀನುಗಳಿಗೆ ವಿಷವಾದ್ದರಿಂದ ಅದನ್ನು ಮಳೆನೀರಿನ ಚರಂಡಿಗಾಗಲಿ ಹಳ್ಳಕ್ಕಾಗಲಿ ಬಿಡದೆ, ತಟಸ್ಥಗೊಳಿಸಿ ಧಾರಾಳ ನೀರಿನೊಂದಿಗೆ ಒಳಚರಂಡಿಗೆ ಸೇರಿಸಿದೆವು.

ಇಂಜೆಕ್ಟರಿನ ಮೂರು ಶಂಕುಗಳನ್ನು ಬಿಚ್ಚಿ ಇದೇ ದ್ರಾವಣದಲ್ಲಿ ನೆನೆಸಿದರೆ ಸಾಕಾಯಿತು. ಅವುಗಳ ತೂತುಗಳಿಗೆ ತಂತಿ ತೂರಿಸಬಾರದು. ಕೂದಲೆಳೆಯಷ್ಟು ಗೀರು ಬಿದ್ದರೂ ಇಂಜೆಕ್ಟರ್ ಮೊದಲಿನಂತೆ ನೀರು ಎತ್ತುವುದಿಲ್ಲ.

ಸ್ವಚ್ಛವಾದ ಮೇಲೆ ಬಯಲಾದದ್ದು

ಸುಣ್ಣ ಹೋದ ಬಾಯ್ಲರನ್ನು ಹಾಗೆಯೇ ಉಗಿಗೆ ಹಾಕಬಾರದು. ವರ್ಷಗಳಿಂದ ಕಟ್ಟಿದ ಪೊರೆ ಸಣ್ಣ ಸೋರಿಕೆಗಳಿಗೆ ತೇಪೆಯಾಗಿರುತ್ತದೆ. ಅದನ್ನು ತೆಗೆದವರು ಆ ತೇಪೆಯನ್ನೂ ತೆಗೆದಿರುತ್ತಾರೆ. ಬ್ರಿಟನ್ನಿನ ಕ್ಲಬ್ಬುಗಳ ಪದ್ಧತಿಯಂತೆ ಹೊಸ ಬಾಯ್ಲರನ್ನು ಕೆಲಸದ ಒತ್ತಡದ ಎರಡು ಪಟ್ಟಿಗೆ, ಆನಂತರದ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟಿಗೆ ತಣ್ಣೀರಿನ ಹೈಡ್ರಾಲಿಕ್ ಪರೀಕ್ಷೆ ಮಾಡುತ್ತಾರೆ. ತಾಮ್ರದ ಬಾಯ್ಲರಿಗೆ ಇದು ನಾಲ್ಕು ವರ್ಷಕ್ಕೊಮ್ಮೆ, ಉಗಿ ಪರೀಕ್ಷೆ ಪ್ರತಿ ವರ್ಷ. ನಮ್ಮ ಎಂಜಿನ್ನಿನ ಹೈಡ್ರಾಲಿಕ್ ಅವಧಿ ಇನ್ನೂ ಮುಗಿದಿರಲಿಲ್ಲ, ಆದರೂ ಕ್ಲಬ್ಬಿನ ಬಾಯ್ಲರ್ ಪರೀಕ್ಷಕರನ್ನು ಕರೆಸಿದೆವು.

ಅವರು ಪಂಪು ಹಚ್ಚುವ ಮುನ್ನವೇ ಕೈಗೆತ್ತಿಕೊಂಡದ್ದು ತೊಳೆಯುವ ಬಿರಡೆಗಳನ್ನು. ಸುಣ್ಣ ಹೋದ ಮೇಲೆ ಅವುಗಳ ಮರೆ ಹಿತ್ತಾಳೆಯ ಹಳದಿಯಾಗಿರದೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಬಿಸಿನೀರಿನಲ್ಲಿ ಹಿತ್ತಾಳೆಯ ಸತು ಕರಗಿ ಹೋಗಿ, ಆಕಾರ ಮಾತ್ರ ಉಳಿಸಿಕೊಂಡ ಟೊಳ್ಳು ತಾಮ್ರ ಅದು. ಬಾಯ್ಲರಿನ ನೀರು ತಾಗುವ ಕಡೆ ಹಿತ್ತಾಳೆ ಸಲ್ಲದು, ಕಂಚೇ ಆಗಬೇಕು ಎಂಬ ನಿಯಮ ಇರುವುದು ಇದಕ್ಕಾಗಿ. ನಾಲ್ಕೂ ಬಿರಡೆಗಳನ್ನು ಕಂಚಿನಲ್ಲಿ ಹೊಸದಾಗಿ ಕಡೆಯಲಾಯಿತು. ಅವು ಕೂರುವ ಬುಷ್‌ಗಳು ಅದೃಷ್ಟವಶಾತ್ ಕಂಚಿನವೇ ಆಗಿದ್ದವು, ಇಲ್ಲದಿದ್ದರೆ ಇಡೀ ಬಾಯ್ಲರನ್ನು ಬೆಳ್ಳಿ ಬೆಸುಗೆಯ ಕಾವಿಗೆ, ಅಂದರೆ 600 ಡಿಗ್ರಿಗೂ ಮೇಲಕ್ಕೆ, ಮತ್ತೆ ಏರಿಸಬೇಕಾಗುತ್ತಿತ್ತು.

ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ಹಂತ ಹಂತವಾಗಿ ಏರಿಸಿದಾಗ 100 ಪಿಎಸ್‌ಐ ದಾಟುವ ಹೊತ್ತಿಗೆ ಫೈರ್‌ಬಾಕ್ಸಿನ ಎಡಗೋಡೆಯ ಕೆಳಸಾಲಿನಲ್ಲಿ ಒಂದು ಸ್ಟೇಯ ತಲೆಯ ಸುತ್ತ ತೇವ ಮೂಡಿತು. ಒರೆಸಿದರೆ ಮತ್ತೆ ಮೂಡಿತು. 120 ಪಿಎಸ್‌ಐನಲ್ಲಿ ಅದು ಹನಿಗಟ್ಟಿ ಇಳಿಯಿತು. ಕೆಸರು ಹೆಚ್ಚು ಕೂತಿದ್ದ ಜಾಗವೇ ಅದು. ಹಿಂದೆ ನೀರಿಲ್ಲದೆ ಕಾದ ಗೋಡೆಯಲ್ಲಿ ಬೆಸುಗೆ ಸಡಿಲಗೊಂಡು, ಸುಣ್ಣವೇ ಆ ಸಂದಿಯನ್ನು ಮುಚ್ಚಿತ್ತು ಎಂಬ ಪರೀಕ್ಷಕರ ಅಭಿಪ್ರಾಯ ನಮಗೂ ಸರಿಯೆನಿಸಿತು. ನಾಲ್ಕಾರು ಸಲ ಉಗಿ ಏರಿಸಿದರೆ ಸುಣ್ಣ ಮತ್ತೆ ಕಟ್ಟಿ ಸೋರಿಕೆ ತಾನಾಗಿ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಒಂದು ಸ್ಟೇಯ ಹಿಡಿತ ಎಷ್ಟು ಉಳಿದಿದೆ ಎಂದು ತಿಳಿಯದೆ ಅದರ ಸೋರಿಕೆಯನ್ನು ಮುಚ್ಚಿಡುವುದು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಓಡುವ ಎಂಜಿನ್ನಿನ ವಿಷಯದಲ್ಲಿ, ನನಗೆ ಒಪ್ಪಿಗೆಯಿಲ್ಲ. ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ, ಸ್ಟೇಯ ಮರೆ ಗಟ್ಟಿಯಾಗಿಯೇ ಇದೆ ಎಂದು ಖಚಿತಪಡಿಸಿಕೊಂಡು, ಹಳೆಯ ಬೆಸುಗೆಯನ್ನು ಕೆರೆದು ಶುದ್ಧಗೊಳಿಸಿ, ಆ ಸಾಲಿನ ಎಲ್ಲ ತಲೆಗಳಿಗೂ ಅದೇ ಜಾತಿಯ ಹೆಚ್ಚು ಕಾವು ತಡೆಯುವ ಮೆದು ಬೆಸುಗೆಯನ್ನು ಹೊಸದಾಗಿ ಹರಿಸಲಾಯಿತು. ಎರಡನೆಯ ಪರೀಕ್ಷೆಯಲ್ಲಿ 120 ಪಿಎಸ್‌ಐಯನ್ನು ಇಪ್ಪತ್ತು ನಿಮಿಷ ಹಿಡಿದಿಟ್ಟರೂ ಗೋಡೆ ಒಣಗಿಯೇ ಇತ್ತು.

ಉಗಿ ಪರೀಕ್ಷೆಯಲ್ಲಿ ಬೆಂಕಿಯನ್ನು ಪೂರ್ತಿ ಉರಿಸಿ, ಚಿಮಣಿಯೊಳಕ್ಕೆ ಉಗಿ ಊದಿ ಬೆಂಕಿಗೆ ಗಾಳಿ ಎಳೆಯುವ ಬ್ಲೋವರ್ ತೆರೆದು, ಸೇಫ್ಟಿ ವಾಲ್ವುಗಳಷ್ಟೇ ಉಗಿಯನ್ನು ಹೊರಬಿಡುವಂತೆ ಮಾಡಿ ನೋಡುತ್ತಾರೆ. ಒತ್ತಡ ಕೆಲಸದ ಮಿತಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚಬಾರದು, ಅಂದರೆ ಇಲ್ಲಿ 88 ಪಿಎಸ್‌ಐ. ಮುಳ್ಳು 84ರಲ್ಲಿ ನಿಂತಿತು. ನೀರಿನ ಗೇಜಿನ ಕೆಳಕೊಳಾಯಿ ತೆರೆದು ಮುಚ್ಚಿದಾಗ ನೀರು ಚಿಮ್ಮಿ ಮೇಲೇರಿ ತುಯ್ಯುತ್ತ ನಿಂತಿತು, ಇಂಜೆಕ್ಟರ್ ಮತ್ತು ಕೈಪಂಪು ಎರಡೂ ಪೂರ್ಣ ಒತ್ತಡದಲ್ಲಿ ನೀರು ಕೊಟ್ಟವು. ಉಗಿ ಏರಲು ಅರ್ಧ ಗಂಟೆಗಿಂತ ಕಡಿಮೆ ಸಾಕಾಯಿತು.

ಈಗಿನ ನಿರ್ವಹಣೆ

ನಲ್ಲಿ ನೀರನ್ನು ಬಿಟ್ಟು, ಕ್ಲಬ್ಬಿನ ಮನೆಯ ಛಾವಣಿಯಿಂದ ಹಿಡಿದ ಮಳೆನೀರನ್ನು ಸೋಸಿ ಈ ಎಂಜಿನ್ನಿಗೆ ಬಳಸಲಾಗುತ್ತಿದೆ. ಮನೆಬಳಕೆಯ ಮೆದುಗೊಳಿಸುವ ಯಂತ್ರದ ನೀರನ್ನು ಮಾಲೀಕರು ಮೊದಲು ಸೂಚಿಸಿದ್ದರು. ಆ ಯಂತ್ರ ಕ್ಯಾಲ್ಸಿಯಂ ಬದಲಿಗೆ ಸೋಡಿಯಂ ಸೇರಿಸುತ್ತದೆಯೇ ಹೊರತು ಲವಣವನ್ನು ಕಡಿಮೆ ಮಾಡುವುದಿಲ್ಲ, ಮತ್ತು ಬಾಯ್ಲರಿನಲ್ಲಿ ಸೋಡಿಯಂ ಕಾರ್ಬೊನೇಟ್ ಸಾಂದ್ರವಾದಂತೆ ನೊರೆಯೆದ್ದು ನೀರು ಸಿಲಿಂಡರಿಗೆ ಹಾರುತ್ತದೆ. ಹಾಗಾಗಿ ಅದನ್ನು ಬಿಟ್ಟೆವು. ಮಳೆ ಸಾಲದ ತಿಂಗಳುಗಳಲ್ಲಿ ನಲ್ಲಿ ನೀರು ಬೆರೆಸಿದರೆ, ಸುಣ್ಣವನ್ನು ಗಟ್ಟಿ ಪೊರೆಯಾಗಲು ಬಿಡದೆ ಸಡಿಲ ಕೆಸರಾಗಿ ಇಡುವ ಔಷಧವನ್ನು ಅದರ ತಯಾರಕರು ಹೇಳಿದ ಪ್ರಮಾಣದಲ್ಲಿ ಹಾಕಬೇಕು.

ಕೆಸರನ್ನು ಹೊರಹಾಕಲು ಬ್ಲೋಡೌನ್ ವಾಲ್ವ್ ಈಗ ಸಲೀಸಾಗಿ ತಿರುಗುತ್ತದೆ. ದಿನದ ಓಟ ಮುಗಿದ ಮೇಲೆ ಬೆಂಕಿಯನ್ನು ಪೂರ್ತಿ ತೆಗೆದು, ಒತ್ತಡ 20 ಪಿಎಸ್‌ಐ ಆಸುಪಾಸಿಗೆ ಇಳಿದ ನಂತರ ಅದನ್ನು ತೆರೆಯುತ್ತಾರೆ. ಪೂರ್ಣ ಒತ್ತಡದಲ್ಲಿ, ಫೈರ್‌ಬಾಕ್ಸ್ ಇನ್ನೂ ಕೆಂಡದಂತಿರುವಾಗ ಬಾಯ್ಲರನ್ನು ಬರಿದು ಮಾಡಿದರೆ ಕೆಸರು ಬಿಸಿ ತಾಮ್ರಕ್ಕೆ ಸುಟ್ಟು ಅಂಟಿಕೊಳ್ಳುತ್ತದೆ, ಕೂಡುಗಳಿಗೂ ಹಠಾತ್ ತಣಿಯುವ ಪೆಟ್ಟು ಬೀಳುತ್ತದೆ. ನವೆಂಬರಿನಲ್ಲಿ ಎಂಜಿನ್ನನ್ನು ಇಡುವ ಮುನ್ನ ಎಲ್ಲ ಬಿರಡೆ ಬಿಚ್ಚಿ, ಇಂಜೆಕ್ಟರ್ ಮತ್ತು ಪಂಪುಗಳಿಂದಲೂ ನೀರಿಳಿಸಿ, ತೆರೆದ ಬಾಯಿಯಲ್ಲೇ ಒಣಗಲು ಬಿಡಲಾಗುತ್ತದೆ. ಇಲ್ಲಿನ ಹಿಮಗಟ್ಟುವ ರಾತ್ರಿಯಲ್ಲಿ ಪಂಪಿನ ಹೊಟ್ಟೆಯಲ್ಲಿ ಉಳಿದ ಒಂದು ಚಮಚ ನೀರು ಅದನ್ನು ಸೀಳಬಲ್ಲದು.

ಒಂದು ಋತು ಕಳೆದ ಮೇಲೆ ಕ್ಯಾಮೆರಾ ಇಳಿಸಿ ನೋಡಿದಾಗ ಟ್ಯೂಬುಗಳು ಕಂದು ತಾಮ್ರದ ಬಣ್ಣದಲ್ಲಿದ್ದವು, ಹೊಸ ಪೊರೆ ಬಟ್ಟೆಯಿಂದ ಒರೆಸಿದರೆ ಹೋಗುವ ಪುಡಿಯಷ್ಟೇ ಇತ್ತು. ಫೈರ್‌ಬಾಕ್ಸಿನ ಬಲಮೂಲೆಯಲ್ಲಿ, ನೀರಿನ ಕೊಳವೆ ತಲುಪದ ಎರಡು ಸ್ಟೇಗಳ ನಡುವೆ, ಹಳೆಯ ಸುಣ್ಣದ ಒಂದು ತುಣುಕು ಉಳಿದಿದೆ. ಅದಕ್ಕಾಗಿ ಇಡೀ ಬಾಯ್ಲರಿಗೆ ಇನ್ನೊಮ್ಮೆ ಆಮ್ಲ ತುಂಬಿ ಮೆದು ಬೆಸುಗೆಯನ್ನು ಸವೆಸುವುದು ಬೇಡವೆಂದು ಪರೀಕ್ಷಕರೂ ನಾವೂ ನಿರ್ಧರಿಸಿ, ಅದರ ಜಾಗ ಮತ್ತು ಅಳತೆಯನ್ನು ಬಾಯ್ಲರಿನ ದಾಖಲೆ ಪುಸ್ತಕದಲ್ಲಿ ಬರೆದಿದ್ದೇವೆ. ಬೆಸುಗೆ ಹರಿಸಿದ ಸ್ಟೇ ಸಾಲನ್ನು ನಾಲ್ಕು ವರ್ಷದ ಸರದಿಗೆ ಕಾಯದೆ, ಮುಂದಿನ ವರ್ಷದ ಉಗಿ ಪರೀಕ್ಷೆಯ ಮುನ್ನ ಇನ್ನೊಮ್ಮೆ 120 ಪಿಎಸ್‌ಐಗೆ ಒಡ್ಡಿ ನೋಡಬೇಕು ಎಂಬುದು ಪರೀಕ್ಷಕರು ಆ ಪುಟದಲ್ಲಿ ಹಾಕಿದ ಷರತ್ತು.